ರಕ್ತ ಮರೆತ ಮೂರು ವರ್ಷ

ಹೊಸೆಯುತ್ತಿದ್ದಾರೆ, ಆ ಚಿಕ್ಕ ಗಾಜಿನ ಬಾಟಲಿಯನ್ನು ಎರಡು ಅಂಗೈ ನಡುವೆ ಇಟ್ಟುಕೊಂಡು, ಬಸದಿಯ ಕಟ್ಟೆಯ ಮೇಲೆ ಕೂತು ನಮ್ಮ ಅತ್ತೆ ಬತ್ತಿ ಹೊಸೆಯುವ ಹಾಗೆ, ಮೆಲ್ಲಗೆ, ಅವಸರ ಅನ್ನುವುದೇ ಇಲ್ಲ ಈ ಮುರಿಗೆಪ್ಪ ಡಾಕ್ಟರಿಗೆ, ಅಲ್ಲಾಡಿಸಿದರೆ ನೊರೆ ಬರುತ್ತದೆ, ನೊರೆ ಬಂದರೆ ಔಷಧ ಕೆಡುತ್ತದೆ, ಗೊತ್ತು ನನಗೆ, ಗೊತ್ತಿದ್ದೂ ಆ ಬಾಟಲಿ ಕಸಿದುಕೊಂಡು ಗಡಗಡ ಅಲ್ಲಾಡಿಸಿಬಿಡಲೇ ಅನ್ನಿಸುತ್ತದೆ — ತಡಿ ಶುಭಾಂಗಿ, ತಡಿ, ಮೂರು ವರ್ಷ ತಡೆದವಳು ನೀನು, ಬಿಳಿ ಪುಡಿ ಕರಗುವಷ್ಟು ಹೊತ್ತು ತಡೆಯಲಾರೆಯಾ, ನೋಡು, ಕರಗುತ್ತಿದೆ, ಹಿಟ್ಟಿನಂತಿದ್ದದ್ದು ನೀರಾಗುತ್ತಿದೆ, ಗೋಕಾಕದ ಈ ಆಸ್ಪತ್ರೆಯ ಕಿಟಕಿಯಿಂದ ಬೆಳಗಿನ ಬಿಸಿಲು ಬಂದು ಆ ಬಾಟಲಿಯೊಳಗೆ ಕೂತಿದೆ, ಮಂಚದ ಮೇಲೆ ನನ್ನ ಜಿನೇಂದ್ರ, ಒಂಬತ್ತರ ಹುಡುಗ, ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬಿಗೆ ಒರಗಿ ಕೂತಿದ್ದಾನೆ, ಬಾಯಿ ಮುಚ್ಚಲು ಬರುತ್ತಿಲ್ಲ, ನಾಲಿಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ತುಟಿಯಾಚೆ ಬಂದಿದೆ, ನಸುಕಿನಲ್ಲಿ ಗದ್ದದ ಕೆಳಗಿದ್ದ ಬಾವು ಈಗ ಕೊರಳಿಗೆ ಇಳಿದಿದೆ, ಪ್ರತಿ ಉಸಿರಿಗೂ ಸಣ್ಣ ಸಿಳ್ಳೆ, ಒಳಗೆ ರಕ್ತ ಸೋರುತ್ತಲೇ ಇದೆ, ಹೆಪ್ಪುಗಟ್ಟುವುದು ಅದಕ್ಕೆ ಗೊತ್ತಿಲ್ಲ, ಹುಟ್ಟಿದಾಗಿನಿಂದ ಗೊತ್ತಿಲ್ಲ. ಇನ್ನೊಂದ ಬೆರಳ ಕೆಳಗ ಇಳಿದ್ರ ಉಸಿರಿನ ದಾರಿ ಮುಚ್ಚತೈತಿ ತಂಗಿ, ಕೊರಳಿಗಿ ತೂತ ಮಾಡೂಣು ಅಂದ್ರ ಆ ತೂತಿನ ರಕ್ತ ನಿಲ್ಲಸಾವ್ರು ಯಾರು, ಅಂದರು ಡಾಕ್ಟರ್. ಬೆರಳಿನ ಲೆಕ್ಕದಲ್ಲಿ ಯಾಕೆ ಹೇಳಬೇಕು ಎಂದು ಸಿಟ್ಟು ಬಂತು, ಆಮೇಲೆ ನನ್ನ ಬೆರಳನ್ನೇ ನೋಡುತ್ತ ನಿಂತೆ.

ಒಂದು ರೊಟ್ಟಿ, ಬರೀ ಒಂದು ಖಡಕ್ ರೊಟ್ಟಿಯ ಚೂರು, ಕಲ್ಲಲ್ಲ, ಕತ್ತಿಯಲ್ಲ, ನಗು ಬರುವಂಥದ್ದು — ಕಣಗಲಾದ ನನ್ನ ತವರಿನಿಂದ ಹೊರಟ ಬಸ್ಸು ಹುಕ್ಕೇರಿಯಲ್ಲಿ ಯಾಕೋ ನಿಂತಿತು, ಕಂಡಕ್ಟರ್ ಚಹಾ ಕುಡಿದ, ಡ್ರೈವರ್ ಯಾರದೋ ಮದುವೆ ಮಾತಾಡಿದ, ಮಸಗುಪ್ಪಿ ಮುಟ್ಟುವಾಗ ಸೂರ್ಯ ಕಬ್ಬಿನ ಗರಿಯ ಮೇಲೆ ಕೂತಿದ್ದ, ನಮ್ಮದು ದೀಪ ಹಚ್ಚಿದ ಮೇಲೆ ಉಣ್ಣದ ಜೈನರ ಮನೆ, ಅತ್ತೆ ಬಾಗಿಲಲ್ಲೇ ತಾಟು ಹಿಡಿದು ನಿಂತಿದ್ದರು, ಲಗೂ ಬಾ ಜಿನ್ನೂ, ಹೊತ್ತ ಮುಳಗಾಕತ್ತೈತಿ, ಲಗೂ ಎರಡ ತುತ್ತ ಉಣ್ಣ. ಅವನಿಗೆ ರೊಟ್ಟಿ ಯಾವಾಗಲೂ ಹಾಲಿನಲ್ಲಿ ನೆನೆಸಿ ಕೊಡುವುದು, ಮೆತ್ತಗೆ ಮಾಡಿ ಕೊಡುವುದು, ಇಡೀ ಮನೆಗೆ ಗೊತ್ತು, ಬೆಕ್ಕಿಗೂ ಗೊತ್ತು, ಹಾಲು ಕಾಯಿಸಲು ನಾನು ಒಳಗೆ ಓಡಿದೆ, ಒಲೆ ಹೊತ್ತಲಿಲ್ಲ, ಆಯೀ ಹೊತ್ತ ಮುಳಗತ ಅಂತ ಅಜ್ಜಿಗೆ ಅವನೇ ಕೂಗುತ್ತಿದ್ದ, ಅವನೇ, ಯಾಕೆಂದರೆ ಮರ ಹತ್ತುವಂತಿಲ್ಲ, ಹೊಳೆಗೆ ಜಿಗಿಯುವಂತಿಲ್ಲ, ಚಿಣ್ಣಿದಾಂಡು ಆಡುವಂತಿಲ್ಲ, ಇದೊಂದು ನೇಮ ಮಾತ್ರ ಅವನಿಂದ ಆಗುವಂಥದ್ದು, ಒಂದು ದಿನವೂ ತಪ್ಪಿಲ್ಲ ಎಂದು ಸಾಲಿಯಲ್ಲಿ ಜಂಬ ಕೊಚ್ಚುತ್ತಿದ್ದ, ಅತ್ತೆ ಒಣ ರೊಟ್ಟಿ ಮುರಿದರು, ಶೇಂಗಾ ಚಟ್ನಿ ಹಚ್ಚಿದರು, ಅವನು ಗಬಗಬ ಅಗಿದ, ಚೂರು ನಾಲಿಗೆಯ ಅಡಿಗೆ ಚುಚ್ಚಿತು, ನಾನು ಹಾಲು ತರುವಷ್ಟರಲ್ಲಿ ಅವನು ನಗುತ್ತಿದ್ದ, ಅವ್ವಾ ನಾ ಗೆದ್ದ್ಯಾ, ಹೊತ್ತ ಇನ್ನೂ ಮುಳಗಿಲ್ಲ, ಅಂದ, ಹಲ್ಲೆಲ್ಲ ಕೆಂಪು. ಯಾರನ್ನು ಬೈಯಲಿ ನಾನು, ಅತ್ತೆಯನ್ನೇ, ಆ ಕಂಡಕ್ಟರನ್ನೇ, ಸೂರ್ಯನನ್ನೇ? ಬರ್ಫ ಇಟ್ಟೆವು, ಗುಳಿಗೆ ಪುಡಿ ಮಾಡಿ ಒತ್ತಿದೆವು, ಕೋಳಿ ಕೂಗಿದಾಗ ಗದ್ದ ಊದಿತ್ತು, ಟ್ರಾಕ್ಸ್ ಗಾಡಿ ಹತ್ತಿ ಇಲ್ಲಿಗೆ ಬಂದೆವು.

ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಸುಂದರಾಬಾಯಿ, ಮಸಗುಪ್ಪಿಯಲ್ಲಿ ನಾಲ್ಕು ಮಂದಿಯನ್ನು ಬಾಯಿಂದಲೇ ಓಡಿಸುವವರು, ಈಗ ತುಟಿ ಮಾತ್ರ ಅಲುಗುತ್ತಿದೆ, ಣಮೋಕಾರ ಮಂತ್ರ, ಮತ್ತೆ ಣಮೋಕಾರ, ಅವ ಒಂದ ಗುಟುಕ ನೀರ ನುಂಗೂತನಕ ನಾನೂ ನುಂಗೂದಿಲ್ಲ ಶುಭಾ, ಅಂದುಬಿಟ್ಟರು, ನಾನು ಬೇಡವೆನ್ನಲಿಲ್ಲ, ಅವರು ಹೇಳಿದ್ದನ್ನು ಬೇಡವೆಂದು ಗೆದ್ದವರಿಲ್ಲ. ಈ ಔಷಧ ಮೊದಲ ಸಲ ಕಂಡಾಗ ಇವರೇ ಅಲ್ಲವೇ ಡಾಕ್ಟರನ್ನು ಅಡ್ಡಗಟ್ಟಿ ಕೇಳಿದ್ದು, ಅಲ್ರಿ, ಮನಷಾರ ರಕ್ತದಿಂದ ಮಾಡಿದ್ದು ಅಂತೀರಿ, ಯಾರಿಗೆ ಹಿಂಸಾ ಮಾಡಿ ತಗದಾರ್ರಿ? ಡಾಕ್ಟರ್ ನಗಲಿಲ್ಲ, ಅದಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂದದ್ದು, ಯಾರಿಗೂ ಇಲ್ರಿ ಅಜ್ಜಿ, ಸಾವಿರಾರ ಮಂದಿ ತಾವಾಗೇ ಬಂದ ಕೊಟ್ಟಾರ, ಎಲ್ಲಾ ಕೂಡಿಸಿ ಅದರಾಗಿಂದ ಚಿಟಿಕಿ ಪುಡಿ ತಗೀತಾರ, ಅಂದರು. ಅತ್ತೆ ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಸೆರಗಿನಿಂದ ಒರೆಸಿದರು, ಒರೆಸುವಂಥದ್ದೇನೂ ಇರಲಿಲ್ಲ ಅದರ ಮೇಲೆ, ಸಾವಿರ ಮಂದಿ, ಇಷ್ಟರಾಗ, ಅಂದರು. ನನಗೂ ಮೈ ಜುಮ್ಮೆಂದಿತ್ತು, ಯಾವ ಊರಿನವರೋ, ಏನು ಉಣ್ಣುವವರೋ, ಇವನ ಹೆಸರೂ ಕೇಳದವರು, ಇವನಿಗಾಗಿ ತೋಳು ಚಾಚಿ ಮಲಗಿದ್ದರು.

ಹಿಮೋಫಿಲಿಯಾ, ಆ ಹೆಸರು ಬಾಯಿಗೆ ಬರಲು ನನಗೆ ಒಂದು ತಿಂಗಳು ಬೇಕಾಯಿತು, ಕಾಯಿಲೆ ಮಾತ್ರ ಹೆಸರಿಲ್ಲದೆಯೇ ನಮ್ಮ ಮನೆಯಲ್ಲಿತ್ತು, ನನ್ನ ತಮ್ಮ ಧನ್ಯಕುಮಾರ, ಸೋದರಮಾವನ ತೊಡೆಯ ಮೇಲೆ ಕೂರಿಸಿ ಕಿವಿ ಚುಚ್ಚಿಸಿದರು, ಮಾವನ ಹೊಸ ಧೋತರ ಕೆಂಪಾಯಿತು, ಅರಿಶಿಣ ಹಚ್ಚಿದರು, ಜೇಡರ ಬಲೆ ಇಟ್ಟರು, ಒಂದು ಕಿವಿಯ ರಂಧ್ರದಿಂದ ಹುಡುಗ ಪೂರ್ತಿ ಸೋರಿಹೋದ, ತೆಳ್ಳನ ರಕ್ತ ಅಂದರು, ದೃಷ್ಟಿ ಅಂದರು, ಅದು ಅವ್ವನಿಂದ ಬರುವಂಥದ್ದು, ಅವ್ವನಿಗೆ ಏನೂ ಆಗದೆ ಮಗನಿಗೆ ಬರುವಂಥದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಜಿನೇಂದ್ರ ಅಂಬೆಗಾಲಿಟ್ಟಾಗ ಮೊಣಕಾಲು ಗಡಿಗೆಯಂತೆ ಊದಿತು, ಆಗ ಈ ಫ್ಯಾಕ್ಟರ್, ಇದೇ ಬಿಳಿ ಪುಡಿಯ ಔಷಧ, ಮೊದಲ ಸಲ ನರಕ್ಕೆ ಹಾಕಿದರು, ಸಂಜೆಗೆ ಬಾವು ಇಳಿಯಿತು, ಇವರು, ಇವನ ಅಪ್ಪ, ನಂಬಲಾರದೆ ಆ ಕಾಲನ್ನು ಒತ್ತಿ ಒತ್ತಿ ನೋಡಿದರು, ಡಾಕ್ಟರ್ ಬೈದರು, ನಾನು ನಕ್ಕುಬಿಟ್ಟೆ, ಆಸ್ಪತ್ರೆಯಲ್ಲಿ ನಗುವುದು ಸರಿಯಲ್ಲವೆಂದು ಸೆರಗು ಕಚ್ಚಿಕೊಂಡೆ. ಆಮೇಲೆ ಸಾಲಿಗೆ ಹಾಕುವ ವರ್ಷ, ಅದೇ ಔಷಧ, ಅದೇ ನರ, ಬಾವು ಇಳಿಯಲಿಲ್ಲ, ಎರಡು ಬಾಟಲಿ ಹಾಕಿದರು, ಇಳಿಯಲಿಲ್ಲ, ನಾಲ್ಕು.

ಆಗ ತೋರಿಸಿದರು ಆ ನಳಿಕೆಗಳನ್ನು, ಗಾಜಿನವು, ಕಿರುಬೆರಳಿನಷ್ಟು ದಪ್ಪ, ಇವರ ರಕ್ತ ಒಂದರಲ್ಲಿ, ಮಗನದು ಇನ್ನೊಂದರಲ್ಲಿ, ನನ್ನದು ತಗೊಳ್ರಿ ಎಂದು ತೋಳು ಚಾಚಿದೆ, ನಿಮ್ಮದು ಬ್ಯಾಡ ತಂಗಿ, ನಿಮ್ಮ ರಕ್ತದಾಗೂ ಅರ್ಧ ಕಮ್ಮಿ ಇರಬಹುದು, ಅಂದರು, ಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿದರು, ಸ್ವಲ್ಪ ಹೊತ್ತಿನ ಮೇಲೆ ಓರೆ ಮಾಡಿದರು, ಇವರ ರಕ್ತ ಅಲುಗಲಿಲ್ಲ, ಮಗನದು ಕಬ್ಬಿನ ಹಾಲಿನಂತೆ ಸರ್ರನೆ ಹರಿಯಿತು. ನನಗೆ ನಮ್ಮ ಕಬ್ಬಿನ ಗಾಣದ ನೆನಪಾಯಿತು, ಮದುವೆಯಾದ ಮೊದಲ ವರ್ಷ, ಇವರು ನನ್ನನ್ನು ಕೊಪ್ಪರಿಗೆಯ ಹತ್ತಿರ ಕರೆದೊಯ್ದು ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟರು, ಹನಿ ಕರಗಿಹೋಯಿತು, ತಡಿ, ಅಂದರು, ಬೆಂಕಿ ನೋಡಿದರು, ನೊರೆ ನೋಡಿದರು, ಮತ್ತೊಂದು ಹನಿ ಬಿಟ್ಟರು, ಅದು ನೀರಿನ ತಳದಲ್ಲಿ ದುಂಡಗೆ ಕೂತಿತು, ನಿಂತ್ತ ನೋಡ, ಅಂದರು, ಅಷ್ಟೇ ಮಾತು, ಮಾತು ಕಡಿಮೆ ನನ್ನ ಗಂಡ ಮಹಾವೀರನಿಗೆ, ನಿಂತ ಹನಿ ಬೆಲ್ಲವಾಗುತ್ತದೆ. ಆದರೆ ಆವತ್ತು ಡಾಕ್ಟರ್ ಮೂರನೆಯ ನಳಿಕೆ ತೋರಿಸಿದರು, ಅಪ್ಪನ ರಕ್ತದ ತಿಳಿ ಅರ್ಧ, ಮಗನ ರಕ್ತದ ತಿಳಿ ಅರ್ಧ, ಎರಡು ತಾಸು ಬಿಸಿನೀರಿನಲ್ಲಿಟ್ಟದ್ದು, ನೋಡ್ರಿ, ಬರೀ ಕೊರತಿ ಇದ್ದಿದ್ರ ಅಪ್ಪನ ರಕ್ತ ಕೂಡಿದ ಕೂಡ್ಲೇ ಗಟ್ಟಿ ಆಗಬೇಕಿತ್ತು, ಅಂದು ಓರೆ ಮಾಡಿದರು, ಹರಿಯಿತು, ಅಪ್ಪನದೂ ಹರಿಯಿತು. ನಂದೂ ನೀರಾತಲ್ರಿ, ಅಂದರು ಇವರು. ಇವನ ಮೈಯಾಗ ಕಾವಲ್ಗಾರ ಹುಟ್ಟ್ಯಾರ, ಹೊರಗಿನ ಔಷಧ ಬಂತಂದ್ರ ಕಳ್ಳ ಬಂದ ಅಂತ ಹಿಡದ ಹೊಡಿತಾರ, ಅದಕ್ಕ ಇನ್‌ಹಿಬಿಟರ್ ಅಂತಾರ, ಅಂದರು ಡಾಕ್ಟರ್. ಅಷ್ಟ ಮಂದಿ ಬಂದ ನಿಂತ್ರೂ ಬಾಗಲಾ ತಗಿಲಿಲ್ಲೇನ ಇವನ ರಕ್ತ, ಅಂದರು ಅತ್ತೆ. ಅಳಬೇಕಾದ ಹೊತ್ತು ಅದು, ಆದರೆ ನನಗೆ ಬೆರಗೇ ಮೊದಲು ಬಂತು, ಖರೆ ಹೇಳುತ್ತೇನೆ ನನಗೆ ನಾನೇ, ಇಷ್ಟು ಚಿಕ್ಕ ಮೈ, ಇನ್ನೂ ತನ್ನ ಹೆಸರು ಬರೆಯಲು ಬಾರದ ಹುಡುಗ, ಒಳಗೊಳಗೇ ಯಾರ ಅಪ್ಪಣೆಯೂ ಇಲ್ಲದೆ ಒಂದು ಸೈನ್ಯ ಕಟ್ಟಿಕೊಂಡಿದ್ದಾನೆ, ತನ್ನನ್ನು ಉಳಿಸಲು ಬಂದವರ ಮೇಲೆಯೇ.

ದೊಡ್ಡ ಊರುಗಳಲ್ಲಿ ದಿನವೂ ಔಷಧ ಹಾಕಿ ಹಾಕಿ ಆ ಕಾವಲುಗಾರರಿಗೆ ರೂಢಿ ಮಾಡಿಸುತ್ತಾರಂತೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ, ಅಷ್ಟು ಬಾಟಲಿ ನಮ್ಮ ಇಡೀ ಜಿಲ್ಲೆಗೇ ಬರುವುದಿಲ್ಲ, ನಮಗೆ ಉಳಿದದ್ದು ಇನ್ನೊಂದು ದಾರಿ — ರಕ್ತಕ್ಕ ನೆನಪ ಐತಿ ತಂಗಿ, ಹಾಕಿದಷ್ಟೂ ನೆನಪ ಗಟ್ಟಿ ಆಗತೈತಿ, ಹಾಕದ ಬಿಟ್ರ ಹಗೂರಕ ಮರೀತೈತಿ, ಪೂರ್ತಿ ಅಲ್ಲ, ನಿದ್ದಿ ಹೋಗತಾವು ಅನ್ರಿ, ಆವಾಗ ಒಮ್ಮಿ, ಒಮ್ಮಿ ಅಷ್ಟ, ಔಷಧ ಕೆಲಸ ಮಾಡತೈತಿ, ಐದಾರ ದಿನ, ಆಮ್ಯಾಲೆ ಮತ್ತ ಎಚ್ಚರ ಆಗತಾವು, ಆ ಒಮ್ಮಿ ಯಾವಾಗ ಅನ್ನೂದು ನಮ್ಮ ಕೈಯಾಗ ಐತಿ, ಅಂದರು ಡಾಕ್ಟರ್. ಮೂರು ವರ್ಷ ನಾನು ಒಂದು ಮರೆವನ್ನು ಸಾಕಿದೆ, ಜನ ಎಮ್ಮೆ ಸಾಕುತ್ತಾರೆ, ಕೋಳಿ ಸಾಕುತ್ತಾರೆ, ನಾನು ಮರೆವು ಸಾಕಿದೆ. ಬರ್ಫ, ಗುಳಿಗೆ, ಪಟ್ಟಿ, ಮಲಗು, ಅಲುಗಾಡಬೇಡ, ಇಷ್ಟೇ, ಮತ್ತು ಆ ಮೊಣಕಾಲು, ಎಡಗಾಲಿನದು, ಹೋದ ವರ್ಷದ ಹಿಂದಿನ ಯುಗಾದಿಯ ಹೊತ್ತಿಗೆ, ಇದೇ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಬಾಟಲಿ ಇತ್ತು, ನನಗೆ ಕಾಣುವಂತಿತ್ತು, ಮಗ ಕಿರುಚುತ್ತಿದ್ದ, ಅವ್ವಾ ಔಷಧ ಹಾಕಸ ಅವ್ವಾ, ನಿನ್ನ ಕಾಲ ಬೀಳತೇನಿ, ಅನ್ನುತ್ತಿದ್ದ, ಇವರು ಅಂಗಳಕ್ಕೆ ಹೋಗಿ ಗೋಡೆಗೆ ಹಣೆ ಇಟ್ಟು ನಿಂತರು, ಇದು ಕಾಲ ತಂಗಿ, ಕಾಲಿಗೆ ಆ ಒಮ್ಮಿನ ಖರ್ಚ ಮಾಡಬ್ಯಾಡ್ರಿ, ತಲಿಗೆ ಗಂಟಲಿಗೆ ಉಳಸೂಣು, ಅಂದರು ಡಾಕ್ಟರ್, ಅವರ ಕಣ್ಣೂ ತೇವವಾಗಿತ್ತು, ನಾನು ಮಗನ ಬಾಯಿಯ ಹತ್ತಿರ ಬಾಯಿ ಇಟ್ಟು ಬೇಡ ಅಂದೆ, ಬೇಡ ಮಗಾ ಬೇಡ, ಅವನು ನನ್ನ ತೋಳು ಕಚ್ಚಿದ, ಕಚ್ಚಲಿ, ನನ್ನ ರಕ್ತ ನಿಲ್ಲುತ್ತದೆ. ಆ ಕಾಲು ಸೊಟ್ಟಗೆ ನಿಂತುಹೋಯಿತು. ಅದಕ್ಕೇ ಈಗ ಅವನು ಮಸಗುಪ್ಪಿಯ ಹುಡುಗರ ಅಂಪೈರ್, ಓಡುವ ಕೆಲಸವಿಲ್ಲದ ಅಂಪೈರ್, ಸೊಟ್ಟ ಕಾಲಿನ ಮೇಲೆ ಕೊಕ್ಕರೆಯ ಹಾಗೆ ನಿಂತು ಬೆರಳೆತ್ತಿದರೆ ಹತ್ತನೆಯ ಕ್ಲಾಸಿನವರೂ ಬ್ಯಾಟು ಬಿಟ್ಟು ನಡೆಯಬೇಕು, ಯಾರ ಮುಲಾಜೂ ಇಲ್ಲ ಅವನಿಗೆ, ಥೇಟ್ ನಮ್ಮ ಅತ್ತೆ.

ಬೆಳಿಗ್ಗೆ ಕೇಳಿದರು ಡಾಕ್ಟರ್, ಬೇರೆ ದಾರಿಯಿಂದ ರಕ್ತ ನಿಲ್ಲಿಸುವ ಔಷಧವೊಂದಿದೆ, ಈ ಕಾವಲುಗಾರರಿಗೆ ಗೊತ್ತಾಗದ ಹಿತ್ತಲ ಬಾಗಿಲಿನದು, ಅದು ಮುಂಬೈಯಲ್ಲಿದೆ, ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿ ಬಂದರು, ಬರಲು ಎರಡು ದಿನ, ಬಾವು ಎರಡು ದಿನ ಕಾಯುವುದಿಲ್ಲ, ಆ ಒಮ್ಮಿ ಇದೇ ಏನು ತಂಗಿ, ನೀವೂ ಹೇಳ್ರಿ, ನಾ ಒಬ್ಬನ ಹೇಳೂದಲ್ಲ. ಇವರು ನನ್ನ ಮುಖ ನೋಡಿದರು. ದೀಪಾವಳಿಗೆ ಪುಣೆಗೆ ಕಳಿಸಿದ್ದ ರಕ್ತದಲ್ಲಿ ಕಾವಲುಗಾರರು ಇಲ್ಲದಷ್ಟು ಕಡಿಮೆ ಎಂದು ಬಂದಿತ್ತು, ಇಲ್ಲದಷ್ಟು, ಇಲ್ಲವೇ ಇಲ್ಲ ಎಂದಲ್ಲ, ಮತ್ತು ಅದು ದೀಪಾವಳಿಯ ಮಾತು, ನಿದ್ದೆ ಹೋದವರು ನಿಜವಾಗಿಯೂ ನಿದ್ದೆ ಹೋಗಿದ್ದಾರೋ ಅಥವಾ ನನ್ನ ಮಗ ಮಧ್ಯಾಹ್ನ ಮಲಗು ಅಂದಾಗ ಮಾಡುವಂತೆ ಕಣ್ಣು ಮುಚ್ಚಿ ಬಿದ್ದಿದ್ದಾರೋ, ಯಾರು ಹೇಳಬೇಕು. ಇದ ಅದು, ಹಾಕ್ರಿ, ಅಂದೆ. ಧ್ವನಿ ನನ್ನದೇ ಎಂದು ಗೊತ್ತಾಗಲು ಕ್ಷಣ ಬೇಕಾಯಿತು.

ಈಗ ಸಿರಿಂಜಿಗೆ ಎಳೆಯುತ್ತಿದ್ದಾರೆ, ಒಂದಲ್ಲ, ಬಾಟಲಿಯ ಮೇಲೆ ಬಾಟಲಿ, ಇದ್ದದ್ದೆಲ್ಲ, ಸಾವಿರ ಮಂದಿಯ ಮೇಲೆ ಸಾವಿರ ಮಂದಿ, ಇಡೀ ಹುಕ್ಕೇರಿ ಗೋಕಾಕ ಮೂಡಲಗಿ ಸಂತೆಗೆ ಬಂದಂತೆ ಸಾಲುಗಟ್ಟಿ ನನ್ನ ಮಗನ ಮುಂಗೈಯ ನರದೊಳಗೆ ಇಳಿಯುತ್ತಿದ್ದಾರೆ, ಸದ್ದು ಮಾಡಬೇಡಿರಪ್ಪ, ಕಾವಲುಗಾರರು ಮಲಗಿದ್ದಾರೆ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಿರಿ — ಏನೇನು ಹುಚ್ಚು ಯೋಚನೆ ನಿನ್ನದು ಶುಭಾಂಗಿ. ಜಿನ್ನೂ ನೋಯಾಕತ್ತೈತೇನೋ, ಅಂತ ಕೇಳಿದೆ, ಮಾತಾಡಲು ನಾಲಿಗೆಯಿಲ್ಲ ಅವನಿಗೆ, ಸೂಜಿಯಿಲ್ಲದ ಕೈಯ ಬೆರಳನ್ನು ಅಡ್ಡಡ್ಡ ಆಡಿಸಿದ, ನಾಟ್ ಔಟ್, ಆಮೇಲೆ ಅದೇ ಕೈಯನ್ನು ಪಕ್ಕಕ್ಕೆ ಚಾಚಿದ, ಒಂದೇ ಕೈಯ ವೈಡ್, ಅಂದರೆ ನಾನು ಅಡ್ಡ ನಿಂತಿದ್ದೇನೆ, ಪಕ್ಕಕ್ಕೆ ಸರಿ ಅಂತ, ಸರಿದೆ. ಸರಿದು ಕಿಟಕಿಯ ಹತ್ತಿರ ಬಂದೆ, ಹೊರಗೆ ಕಬ್ಬಿನ ಗಾಡಿಗಳು ಹೋಗುತ್ತಿವೆ, ನಮ್ಮ ಗಾಣದಲ್ಲಿ ಇವತ್ತಿನ ಕೊಪ್ಪರಿಗೆಯನ್ನು ಯಾರ ಕೈಗೋ ಬಿಟ್ಟು ಬಂದಿದ್ದಾರೆ ಇವರು, ಅಂಗಿಯಿಂದ ಇನ್ನೂ ಪಾಕದ ವಾಸನೆ, ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಾರೆ, ಆವತ್ತು ತಮ್ಮ ರಕ್ತ ಹರಿದದ್ದನ್ನು ಮರೆತಿಲ್ಲ ಅವರು, ನಾನೂ ಮರೆತಿಲ್ಲ, ಮರೆಯಬೇಕಾದದ್ದು ಮರೆಯಿತೋ ಇಲ್ಲವೋ ಅದೊಂದೇ ಈಗ ಗೊತ್ತಾಗಬೇಕಾದದ್ದು.

ಮತ್ತೊಂದು ಕೈಯಿಂದ ರಕ್ತ ತೆಗೆದರು, ನಳಿಕೆಗೆ ಹಾಕಿದರು, ಅದೇ ಗಾಜು, ಅದೇ ಕಿರುಬೆರಳಿನ ದಪ್ಪ, ಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿದರು, ಗಡಿಯಾರ ನೋಡಬೇಡ, ನೋಡುವುದಿಲ್ಲ, ಉಸಿರಿನ ಸಿಳ್ಳೆ ಕೇಳುತ್ತ ನಿಲ್ಲುತ್ತೇನೆ, ಸಿಳ್ಳೆ ಇದೆ ಅಂದರೆ ಉಸಿರಿದೆ, ಧನ್ಯಕುಮಾರ ಕೊನೆಗೆ ಏನೂ ಸದ್ದು ಮಾಡಲಿಲ್ಲ, ಮಾವನ ಧೋತರ ಒಗೆದು ಬೇಲಿಯ ಮೇಲೆ ಹಾಕಿದ್ದರು, ಕಲೆ ಹೋಗಿರಲಿಲ್ಲ, ಡಾಕ್ಟರ್ ನಳಿಕೆ ಎತ್ತಿದರು, ಓರೆ ಮಾಡಿದರು, ಹರಿಯಿತು. ಹರಿಯಿತು, ಸರ್ರನೆ, ಗಾಜಿನುದ್ದಕ್ಕೂ, ಇವರು ಕಣ್ಣು ಮುಚ್ಚಿಕೊಂಡರು, ತಡೀರಿ, ಇನ್ನೂ ಹೊತ್ತಾಗಿಲ್ಲ, ಅಂದರು ಡಾಕ್ಟರ್, ಮತ್ತೆ ನೀರಿಗಿಟ್ಟರು. ಎಷ್ಟು ಹನಿ ಕರಗುತ್ತವೆ ಒಂದು ಹನಿ ನಿಲ್ಲುವ ಮೊದಲು, ಬೆಂಕಿ ನೋಡು, ನೊರೆ ನೋಡು, ಸಾವಿರ ಮಂದಿಯೇ, ಹೆಸರು ಗೊತ್ತಿಲ್ಲದ ಅಣ್ಣಂದಿರೇ ಅಕ್ಕಂದಿರೇ, ಒಬ್ಬರ ಕೈ ಒಬ್ಬರು ಹಿಡಿಯಿರಿ, ಅಷ್ಟೇ ಸಾಕು, ಇವನ ಮೈಯೇ, ನೀನೂ ಕೇಳು, ಸೊಟ್ಟ ಕಾಲು ಕೊಟ್ಟಿದ್ದೇವೆ ನಿನ್ನ ಮರೆವಿಗಾಗಿ, ಎರಡನೆಯ ಸಲ ಎತ್ತಿದರು, ಹರಿಯಿತು, ಆದರೆ ಸರ್ರನೆ ಅಲ್ಲ, ಅಂಚಿನಲ್ಲಿ ಏನೋ ಹಿಂದೆ ಉಳಿಯಿತು, ಹೌದೋ ಅಲ್ಲವೋ, ನನ್ನ ಕಣ್ಣಿನ ನೀರೋ, ಅತ್ತೆ ಬೆಂಚು ಬಿಟ್ಟು ಬಾಗಿಲಿಗೆ ಬಂದಿದ್ದಾರೆ, ತುಟಿ ನಿಂತಿದೆ, ಮಂತ್ರ ನಿಂತಿದೆ, ಒಣ ತುಟಿ, ನಿನ್ನೆಯಿಂದ ನೀರಿಲ್ಲ, ಜಿನ್ನೂ ಎಲ್ಲರನ್ನೂ ನೋಡುತ್ತಿದ್ದಾನೆ, ಇವರೆಲ್ಲ ಯಾಕೆ ಒಂದು ಗಾಜಿನ ತುಂಡಿನ ಮುಂದೆ ಹೀಗೆ ನಿಂತಿದ್ದಾರೆ ಎಂಬಂತೆ. ಮೂರನೆಯ ಸಲ ಎತ್ತಿದರು, ಓರೆ ಮಾಡಿದರು, ಇನ್ನಷ್ಟು ಓರೆ, ಅಡ್ಡ, ಬೇಡ ಡಾಕ್ಟರೇ ಚೆಲ್ಲುತ್ತದೆ, ಬೇಡ, ತಲೆಕೆಳಗು ಮಾಡಿಬಿಟ್ಟರು, ಪೂರ್ತಿ ತಲೆಕೆಳಗು, ಬಾಯಿ ನೆಲಕ್ಕೆ, ಮತ್ತು ರಕ್ತ ಅಲ್ಲೇ, ಮೇಲೆ, ಗಾಜಿಗೆ ಅಂಟಿಕೊಂಡು, ನಿಂತ್ತ ನೋಡ, ಅಂದರು ಇವರು ನನ್ನ ಹಿಂದೆ, ಪಿಸುಮಾತಿನಲ್ಲಿ, ಐದು ದಿನ, ಆಮೇಲೆ ಎಚ್ಚರವಾಗುತ್ತದೆ, ಎಲ್ಲ ನೆನಪಾಗುತ್ತದೆ, ಮೊದಲಿಗಿಂತ ಗಟ್ಟಿಯಾಗಿ, ಆಗಲಿ, ಅಷ್ಟರಲ್ಲಿ ಮುಂಬೈಯದು ಬರುತ್ತದೆ, ಮತ್ತೆ ಮೊದಲಿನಿಂದ ಸಾಕುತ್ತೇನೆ ಮರೆವನ್ನು, ಸಾಕುತ್ತೇನೆ, ಅದು ನಾಳೆಯದು, ಈಗ ಬಿಸಿಲು ನಳಿಕೆಯ ಮೇಲೆ, ನಳಿಕೆ ತಲೆಕೆಳಗು, ಕೆಂಪು ಅಲ್ಲೇ, ಬೀಳುತ್ತಿಲ್ಲ, ತಲೆಕೆಳಗು, ನನ್ನ ಮಗನ ರಕ್ತ, ಅಲ್ಲೇ, ಬೀಳುತ್ತಿಲ್ಲ —